ಕೊನೆಗುಳಿದ ಕೊಕ್ಕರೆ

ಅಪ್ಪನ ಮನೆಯಿದ್ದ ವಾಲ್ಬಿಗೆ ಹೋಗುವ ರೈಲಿನಲ್ಲಿ ಬೇಕಾದಷ್ಟು ಸೀಟು ಖಾಲಿಯಿದ್ದರೂ ಥೋರ್ಕಿಲ್ ಬಾಗಿಲ ಪಕ್ಕದ ಕಂಬ ಹಿಡಿದು ನಿಂತೇ ಇದ್ದ. ಆ ಸೀಟುಗಳ ಬಗ್ಗೆ ಅವನಿಗೆ ಮೊದಲಿನಿಂದಲೂ ಒಳ್ಳೆಯ ಅಭಿಪ್ರಾಯವಿಲ್ಲ. ಬೆನ್ನಿಗೆ ಎಲ್ಲಿ ಆಧಾರ ಬೇಕೋ ಅಲ್ಲಿ ತಗ್ಗು, ಎಲ್ಲಿ ಬೇಡವೋ ಅಲ್ಲಿ ಉಬ್ಬು. ಮನುಷ್ಯನ ಮೈಯನ್ನು ಒಮ್ಮೆಯೂ ಮುಟ್ಟಿ ನೋಡದ ಯಾವನೋ ಮಾಡಿದ್ದು. ಆದರೆ ಇವತ್ತು ನಿಂತಿರುವುದಕ್ಕೆ ಅದು ಕಾರಣವಲ್ಲ ಎಂದು ಅವನಿಗೇ ಗೊತ್ತಿತ್ತು. ಬೆಳಿಗ್ಗೆ ಹೊರಡುವಾಗ ಹೆಂಡತಿ ಮೆರೆತೆ ಅವನ ಮಫ್ಲರ್ ಸರಿಮಾಡುತ್ತ, "ನೋಡು, ಹೋದ ತಕ್ಷಣ ನಿಮ್ಮಕ್ಕಂಗೆ ಹೇಳ್ಬಿಡು. ಕುರ್ಚಿ ನಂಗೆ ಬೇಕು. ಮೂರೇ ಮಾತು," ಎಂದಿದ್ದಳು. "ಹೇಳ್ತೀನಿ," ಎಂದಿದ್ದ. "ಹೇಳಲ್ಲ ನೀನು. ನಿಮ್ಮ ವಂಶದಲ್ಲೇ ಯಾರೂ ಹೇಳಿಲ್ಲ. ನಿಮ್ಮಪ್ಪ ನನ್ನ ಮದುವೆಗೆ ಕೇಳೋಕೆ ಹೋಗು ಅನ್ನೋ ಬದಲು ಮಳೆ ಬರೋ ಹಾಗಿದೆ ಅಂತ ಕೊಡೆ ಕೊಟ್ಟು ನಿನ್ನ ನಮ್ಮನೆಗೆ ಕಳಿಸಿದ್ರಲ್ಲ, ಆ ಮನೆಯವನು ತಾನೆ ನೀನು," ಎಂದು ನಕ್ಕು, ಮತ್ತೆ ನಗು ನಿಲ್ಲಿಸಿ, "ನಿಜವಾಗ್ಲೂ ಹೇಳು. ಅದೊಂದು ಬಂದ್ರೆ ನಿನ್ನ ಈ ಕುರ್ಚಿ ಕೂಡಿಡೋ ಚಟಾನೂ ಮುಗಿಯುತ್ತೇನೋ," ಎಂದಿದ್ದಳು. ಈಗ ರೈಲಿನಲ್ಲಿ ಆ ಮೂರು ಮಾತನ್ನು ತುಟಿಯೊಳಗೇ ಹೇಳಿ ನೋಡಿದ. ಎದುರಿಗಿದ್ದ ಹೆಂಗಸು ತನ್ನ ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

ಮನೆಯಲ್ಲಿ ಅವನಿಗೆ ಕುರ್ಚಿಗಳ ಬರವೇನೂ ಇರಲಿಲ್ಲ. ಬರವಿದ್ದದ್ದು ಕೂರಲು ಜಾಗಕ್ಕೆ. ಮುಚ್ಚಿಹೋದ ಬ್ಯಾಂಕಿನ ಸಭಾಕೋಣೆಯಿಂದ ತಂದ ತೇಗದ ಕುರ್ಚಿ ಕಿಟಕಿಯ ಬಳಿ. ಸಮುದ್ರದ ಆಚೆ ದಡದ ಮಾಲ್ಮೋದ ವಿಧವೆಯೊಬ್ಬಳು ಅಳುತ್ತ ಕೊಟ್ಟ ಬರ್ಚ್ ಮರದ್ದು ಪುಸ್ತಕದ ಗೂಡಿನ ಎದುರು. ಹಾಳೆಹಾಳೆಯಾಗಿ ಸೀಳಿದ ಮರವನ್ನು ಅಂಟು ಹಾಕಿ ಒಂದೇ ಅಲೆಯ ಹಾಗೆ ಬಗ್ಗಿಸಿದ ಫಿನ್ಲೆಂಡಿನದ್ದು ಮಲಗುವ ಕೋಣೆಯಲ್ಲಿ, ಮೆರೆತೆ ತನ್ನ ಬಟ್ಟೆ ಹಾಕದಂತೆ ಗೋಡೆಗೆ ಮುಖ ಮಾಡಿಕೊಂಡು. ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಈ ಕಡೆಯ ಬಡಗಿಗಳೂ ನಕ್ಷೆ ಬರೆಯುವವರೂ ಒಂದೇ ಮೇಜಿಗೆ ಕೂತು, ಮನುಷ್ಯ ಹೇಗೆ ಕೂರುತ್ತಾನೆ ಎಂಬ ಒಂದೇ ಪ್ರಶ್ನೆ ಹಿಡಿದು ತಲೆ ಕೆಡಿಸಿಕೊಂಡಿದ್ದರು. ಮೊಣಕಾಲಿನ ಹಿಂಭಾಗಕ್ಕೆ ಅಂಚು ಒತ್ತಬಾರದು. ಬೆನ್ನಿಗೆ ಒಂದೇ ಭಂಗಿ ಸಾಲದು, ಓದುವಾಗ ಒಂದು, ಮಾತಾಡುವಾಗ ಒಂದು, ಮಾತು ಮುಗಿದ ಮೇಲೆ ಇನ್ನೊಂದು. ಕೈ ಎಲ್ಲಿಡಬೇಕು ಎಂಬುದು ಕಣ್ಣಿಗಿಂತ ಮೊದಲು ಕೈಗೇ ತಿಳಿಯಬೇಕು. ಒಂದು ಚೂರು ಮರ ಹೆಚ್ಚಿಲ್ಲ, ಒಂದು ಚೂರು ಕಡಿಮೆಯಿಲ್ಲ, ಮೊಳೆ ಎಂಬುದು ಹುಡುಕಿದರೂ ಇಲ್ಲ. ಥೋರ್ಕಿಲ್ ಅವುಗಳ ಎದುರು ನಿಂತಾಗ ಅವನಿಗೆ ನಿಜವಾಗಿಯೂ ಎದೆ ತುಂಬಿ ಬರುತ್ತಿತ್ತು. ಇಷ್ಟು ಒಳ್ಳೆಯ ಬುದ್ಧಿಯನ್ನು ಜನ ಕುರ್ಚಿಗೆ ಖರ್ಚು ಮಾಡಿದ್ದರಲ್ಲ, ಬಾಂಬಿಗಲ್ಲ, ಸಿಂಹಾಸನಕ್ಕೂ ಅಲ್ಲ, ಸಂಜೆ ಕೆಲಸದಿಂದ ಬಂದವನ ಸೊಂಟಕ್ಕೆ! ಆದರೆ ಸಂಜೆ ಕೆಲಸದಿಂದ ಬಂದ ಅವನ ಹೆಂಡತಿ ಮಾತ್ರ ಅಡಿಗೆಮನೆಯ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಒಮ್ಮೆ ಊಟಕ್ಕೆ ಬಂದ ಅವಳ ಸೋದರಮಾವನ ಮಗ ಹಿಂದಿನ ಜೇಬಿಗೆ ಲೋಹದ ಗುಂಡಿಗಳಿದ್ದ ಜೀನ್ಸ್ ಹಾಕಿಕೊಂಡು ತೇಗದ ಕುರ್ಚಿಯ ಮೇಲೆ ಕೂರಲು ಹೋದಾಗ ಥೋರ್ಕಿಲ್ ಯೋಚಿಸುವ ಮೊದಲೇ ಅವನ ಕೆಳಗೆ ದಿನಪತ್ರಿಕೆ ತೂರಿಸಿಬಿಟ್ಟಿದ್ದ. ಮೂವರೂ ಆ ಪತ್ರಿಕೆಯನ್ನು ನೋಡಿದ್ದರು. ಆ ಮನುಷ್ಯ ಮತ್ತೆ ಅವರ ಮನೆಗೆ ಬರಲಿಲ್ಲ.

ಇಷ್ಟೆಲ್ಲ ಇದ್ದರೂ ಕೊಕ್ಕರೆ ಇರಲಿಲ್ಲ. ಈ ದೇಶದವರಿಗೆ ಒಳ್ಳೆಯ ಕುರ್ಚಿಗೆ ಅಡ್ಡಹೆಸರು ಇಡದಿದ್ದರೆ ಸಮಾಧಾನವಿಲ್ಲ, ಮೊಟ್ಟೆ ಎನ್ನುತ್ತಾರೆ, ಕರಡಿ ಎನ್ನುತ್ತಾರೆ. ಕೊಕ್ಕರೆಯೆಂದರೆ ತೆಳು ಕಾಲಿನ, ಓಕ್ ಮರದ, ಎರಡು ಕೈಗಳನ್ನೂ ಹಿಂದಕ್ಕೆ ಚಾಚಿ ಈಗ ತಾನೇ ನೆಲಕ್ಕಿಳಿದ ಹಾಗೆ ಕಾಣುವ ಕುರ್ಚಿ. ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲವೇ ವರ್ಷ ಮಾಡಿ ನಿಲ್ಲಿಸಿದ್ದು. ಹರಾಜಿನಲ್ಲಿ ಅದನ್ನು ಕಂಡಾಗ ಥೋರ್ಕಿಲ್ ಕೈ ಎತ್ತಿದ್ದೂ ಉಂಟು. ಪಕ್ಕದವನ ಕೈಯೂ ಮೇಲಿರುವುದು ಕಂಡು, ಛೆ, ಅವನಿಗೂ ಆಸೆಯಿದೆ ಎಂದು ಕಿವಿ ಕೆರೆದುಕೊಂಡು ಇಳಿಸಿದ್ದೂ ಉಂಟು. ಹಾಗೆ ಇಳಿಸಿದಾಗೆಲ್ಲ ಒಳಗಿನಿಂದ ಒಂದು ದನಿ ಹೇಳುತ್ತಿತ್ತು, ಹೋಗಲಿ ಬಿಡು, ಅಪ್ಪನ ಮನೆಯಲ್ಲಿ ಒಂದು ಇದೆಯಲ್ಲ. ಆ ದನಿ ಏನು ಹೇಳುತ್ತಿದೆ, ಯಾವುದಕ್ಕೆ ಕಾಯಲು ಹೇಳುತ್ತಿದೆ ಎಂದು ಅವನು ಮುಂದೆ ಯೋಚಿಸುತ್ತಿರಲಿಲ್ಲ. ಕಳೆದ ತಿಂಗಳು ಚರ್ಚಿನಲ್ಲಿ ಅಪ್ಪನ ಶವಪೆಟ್ಟಿಗೆಯ ಮುಂದೆ ಕೂತಿದ್ದಾಗ, ಪಾದ್ರಿ ಒಳ್ಳೆಯ ನಾಲ್ಕು ಮಾತು ಹೇಳುತ್ತಿದ್ದಾಗ, ಅವನಿಗೆ ಹೊಳೆದಿದ್ದು ಇಷ್ಟೇ: ಮನೆಯಲ್ಲಿ ಯಾರೂ ಇಲ್ಲ, ಹೀಟರ್ ಉರಿಯುತ್ತಿದೆ, ಕುರ್ಚಿ ಅದಕ್ಕೆ ತೀರಾ ಹತ್ತಿರವಿದೆ, ಮರದ ಬೆಸುಗೆ ಬಿಟ್ಟುಕೊಳ್ಳುತ್ತದೆ. ಕಣ್ಣಲ್ಲಿ ನೀರು ಬಂದಿತ್ತು. ಪಕ್ಕದಲ್ಲಿದ್ದ ಅಕ್ಕ ಬೊದಿಲ್ ಅವನ ಕೈ ಹಿಡಿದುಕೊಂಡಿದ್ದಳು. ಆ ನೀರು ಯಾವುದಕ್ಕೆ ಬಂದದ್ದೆಂದು ಅವಳಿಗೆ ಹೇಳುವ ಧೈರ್ಯ ಅವನಿಗೆ ಇವತ್ತಿಗೂ ಇಲ್ಲ.

ಬಾಗಿಲು ತೆರೆದವಳು ಬೊದಿಲ್. ತನ್ನೂರು ಓಡೆನ್ಸೆಯಿಂದ ನೆರೆಯವನ ವ್ಯಾನು ಓಡಿಸಿಕೊಂಡು ಅವನಿಗಿಂತ ಮೊದಲೇ ಬಂದಿದ್ದಳು. ತಲೆಗೆ ಬಟ್ಟೆ ಕಟ್ಟಿ, ತೋಳು ಮಡಿಸಿ, ಅರ್ಧ ಮನೆಯನ್ನು ಆಗಲೇ ನೆಲಕ್ಕೆ ಇಳಿಸಿದ್ದಳು. ಅವಳನ್ನು ನೋಡಿದ ತಕ್ಷಣ ಥೋರ್ಕಿಲ್‌ನ ಬಾಯಿ ತಾನಾಗಿಯೇ, "ಹೋದ ಸಲದ್ದಕ್ಕೆ ಥ್ಯಾಂಕ್ಸ್," ಎಂದುಬಿಟ್ಟಿತು. ಈ ದೇಶದಲ್ಲಿ ಯಾರನ್ನೇ ಎರಡನೆಯ ಸಲ ಕಂಡರೂ ಹೇಳಬೇಕಾದ ಮಾತು ಅದು, ಹುಟ್ಟಿದಾಗಿನಿಂದ ನಾಲಿಗೆಗೆ ಅಂಟಿದ್ದು. ಹೇಳಿ ಮುಗಿದ ಮೇಲೆ ಹೋದ ಸಲ ಎಂದರೆ ಅಪ್ಪನ ಮಣ್ಣು ಎಂದು ನೆನಪಾಯಿತು.

"ಹೂಂ, ಚೆನ್ನಾಗಿತ್ತು," ಎಂದಳು ಬೊದಿಲ್ ಮುಖ ಬದಲಿಸದೆ. "ಅಪ್ಪ ಒಬ್ನ ಬಿಟ್ಟು ಎಲ್ರೂ ಹೊಟ್ಟೆ ತುಂಬ ತಿಂದ್ರು. ಬಾ ಒಳಗೆ, ಶೂ ಬಿಡ್ಬೇಡ, ನೆಲ ಗಲೀಜು."

ಅವನು ನಕ್ಕ, ನಗುತ್ತಲೇ ಅವಳ ಭುಜದ ಮೇಲಿನಿಂದ ನೋಡಿದ. ಹೀಟರಿನ ಪಕ್ಕ, ನವೆಂಬರಿನ ಬಡಕಲು ಬೆಳಕಿನಲ್ಲಿ, ಅದು ಇತ್ತು. ಬೆಸುಗೆ ಬಿಟ್ಟಿರಲಿಲ್ಲ.

ಅಪ್ಪ ಓಲುಫ್ ಟ್ರಾಮಿನ ಕಂಡಕ್ಟರ್. ಊರಿನಲ್ಲಿ ಟ್ರಾಮು ನಿಂತುಹೋಗುವವರೆಗೂ ದಿನವಿಡೀ ನಿಂತೇ ದುಡಿದವನು. ಮದುವೆಯಾದ ಹೊಸತರಲ್ಲಿ ಹಾಸಿಗೆ ಕೊಳ್ಳುವ ಮೊದಲು ಕುರ್ಚಿ ಕೊಂಡನಂತೆ. ಅಮ್ಮ ಕೇಳಿದ್ದಕ್ಕೆ, "ಮಲಗೋದು ನೆಲದ ಮೇಲಾದ್ರೂ ಆಗುತ್ತೆ, ಕೂರೋದು ಮಾತ್ರ ಸರಿಯಾಗಿ ಕೂರ್ಬೇಕು," ಎಂದನಂತೆ. ಆ ಕಾಲದಲ್ಲಿ ಅಂಥ ಕುರ್ಚಿ ಕಂಡಕ್ಟರನ ಮನೆಗೂ ಬರುತ್ತಿತ್ತು. ಅಂಥವನ ಮನೆಗೇ ಬರಲಿ ಎಂದೇ ಅದನ್ನು ಮಾಡಿದವರು ಮಾಡಿದ್ದರು. ಅದಕ್ಕೆ ಪಾಲಿಶ್ ಇಲ್ಲ, ಎಣ್ಣೆಯಿಲ್ಲ. ಓಕ್ ಮರಕ್ಕೆ ಸೋಪು ಮಾತ್ರ. ಈಸ್ಟರ್ ಮುಗಿದು ಬಿಸಿಲು ಬಂದ ಮೊದಲ ದಿನ ಅಮ್ಮ ಬಿಳಿ ಸೋಪಿನ ಹುಡಿಯನ್ನು ಬೆಚ್ಚನೆಯ ನೀರಿಗೆ ಹಾಕಿ ಕಲಸಿ, ಕುರ್ಚಿಯನ್ನು ಹಿಂದಿನ ಅಂಗಳಕ್ಕೆ ಇಳಿಸಿ, ಮರದ ಎಳೆ ಹೋದ ದಿಕ್ಕಿಗೇ ಬಟ್ಟೆಯಾಡಿಸುತ್ತಿದ್ದಳು. ಕೂಸನ್ನು ಮೀಯಿಸಿದ ಹಾಗೆ. ವರ್ಷ ವರ್ಷ ಸೋಪು ಕುಡಿದು ಮರ ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು, ಕೈಯಿಟ್ಟರೆ ಮರವೆಂದು ತಿಳಿಯದಷ್ಟು ನಯವಾಗಿತ್ತು. ಕುರ್ಚಿಯ ಬಲಗೈಯ ತುದಿಯಲ್ಲಿ ಒಂದು ಕಡೆ ಮಾತ್ರ ಸಣ್ಣ ತಗ್ಗು, ಟಿಕೆಟ್ ಹರಿದು ಹರಿದು ಸುಮ್ಮನಿರಲು ಬಾರದ ಅಪ್ಪನ ಹೆಬ್ಬೆರಳು ಸಂಜೆಯೆಲ್ಲ ಅಲ್ಲೇ ಉಜ್ಜುತ್ತಿತ್ತು. ಅಪ್ಪ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಬೊದಿಲ್ ಅದರಲ್ಲಿ ಅಡ್ಡಡ್ಡ ಬಿದ್ದು, ಕಾಲುಗಳನ್ನು ಒಂದು ಕೈಯ ಮೇಲೆ ಇಳಿಬಿಟ್ಟು, ಸೇಬು ಕಚ್ಚುತ್ತಿದ್ದಳು. ನಿನ್ನ ಸರದಿ ಬಾರೋ ಎಂದು ಕರೆದರೂ ಥೋರ್ಕಿಲ್ ಹೋಗುತ್ತಿರಲಿಲ್ಲ. ಹಿಂದೆ ನಿಂತು, ಬೆನ್ನಿನ ಪಟ್ಟಿಯಲ್ಲಿ ಮರಕ್ಕೆ ಮರ ಹಲ್ಲು ಕಚ್ಚಿ ಕೂತ ಗೆರೆಯ ಮೇಲೆ ಬೆರಳಾಡಿಸುತ್ತಿದ್ದ. "ಇವನು ಕಣ್ಣಲ್ಲೇ ಕೂರ್ತಾನೆ ಕಣೇ," ಎಂದು ಅಪ್ಪ ಒಮ್ಮೆ ಅಮ್ಮನಿಗೆ ಹೇಳಿದ್ದು ಕೇಳಿಸಿ, ಯಾಕೋ ಅವಮಾನವಾಗಿ, ಅಟ್ಟದಲ್ಲಿ ಅಡಗಿ ಕೂತಿದ್ದ.

"ಕಾಫಿ ಇಡ್ತೀನಿ," ಎಂದು ಬೊದಿಲ್ ಅಡಿಗೆಮನೆಗೆ ಹೋದಳು. "ಆಮೇಲೆ ದಾಳ ಹಾಕೋಣ. ಯಾರಿಗೂ ಬೇಡದ್ದು ಚರ್ಚಿನವರ ಹಳೇ ಸಾಮಾನಿನ ಅಂಗಡಿಗೆ. ಅವರ ವ್ಯಾನ್ ಮಧ್ಯಾಹ್ನ ಬರುತ್ತೆ."

ಈಗ ಹೇಳಬಹುದಿತ್ತು. ಬೆನ್ನು ತಿರುಗಿಸಿದ್ದಾಳೆ, ಮುಖ ನೋಡಬೇಕಾಗಿಲ್ಲ. ಅದರ ಬದಲು ಥೋರ್ಕಿಲ್ ಮೆಲ್ಲಗೆ ಕುರ್ಚಿಯ ಬಳಿ ಹೋದ. ಅಷ್ಟು ವರ್ಷ ಅದನ್ನು ಬಲ್ಲವನು ಅದರ ತಳವನ್ನು ಮಾತ್ರ ನೋಡಿರಲಿಲ್ಲ. ಅದರಲ್ಲಿ ಯಾವಾಗಲೂ ಅಪ್ಪನಿರುತ್ತಿದ್ದ. ಕುರ್ಚಿ ಕೂಡಿಡುವವರ ಮೊದಲ ಕೆಲಸವೇ ತಲೆಕೆಳಗು ಮಾಡುವುದು, ಸೀಟಿನ ಕೆಳಗೆ ಮಾಡಿದವರ ಮುದ್ರೆ ಸುಟ್ಟು ಒತ್ತಿರುತ್ತದೆ. ಆಮೇಲೆ ನಕಲುಗಳು ಎಷ್ಟೋ ಬಂದಿದ್ದವು. ಅಪ್ಪ ಮೋಸಹೋಗಿದ್ದರೆ? ನಕಲೇ ಆಗಿದ್ದರೆ ಎಷ್ಟು ಚೆನ್ನ ಎಂದೂ ಒಂದು ಕ್ಷಣ ಅನ್ನಿಸಿತು, ಆಸೆ ತಾನಾಗಿ ಸಾಯುತ್ತದೆ, ಅಕ್ಕನ ಎದುರು ಬಾಯಿ ತೆರೆಯಬೇಕಾಗಿಲ್ಲ. ಮಂಡಿಯೂರಿ, ಕುರ್ಚಿಯ ಕೈಗಳನ್ನು ಮುಟ್ಟದೆ ಸೀಟಿನ ಚೌಕಟ್ಟು ಹಿಡಿದು, ಹೊರಳಿಸಿದ. ಕಾಗದ ಹೊಸೆದ ಹುರಿಯಿಂದ ಹೆಣೆದ ಸೀಟಿನ ತಳದಲ್ಲಿ, ಹಿಂದಿನ ಪಟ್ಟಿಯ ಮೇಲೆ, ಕಪ್ಪಗೆ, ಅಚ್ಚುಕಟ್ಟಾಗಿ, ಮುದ್ರೆ ಇತ್ತು. ಅದರ ಸುತ್ತ ಯಾರೂ ನೋಡದ ಆ ಜಾಗವನ್ನೂ ಯಾರೋ ಬಡಗಿ ಕೂದಲೆಳೆಯಷ್ಟೂ ಒರಟು ಉಳಿಯದಂತೆ ಉಜ್ಜಿದ್ದ. ಯಾರಿಗಾಗಿ? ಥೋರ್ಕಿಲ್ ಅಲ್ಲಿ ಕೈಯಿಟ್ಟು ಹಾಗೇ ಇದ್ದುಬಿಟ್ಟ.

"ಏನೋ ಅದು? ಅಪ್ಪ ಕೆಳಗೆ ಏನಾದ್ರೂ ಅಂಟಿಸಿಟ್ಟಿದ್ನಾ?" ಬೊದಿಲ್ ಎರಡು ಲೋಟ ಹಿಡಿದು ಬಾಗಿಲಲ್ಲಿದ್ದಳು.

"ಇಲ್ಲ... ಹುಳ," ಎಂದ. "ಹುಳ ಹಿಡಿದಿದೆಯಾ ನೋಡ್ತಿದ್ದೆ."

"ಹಿಡಿದಿದೆಯಾ?"

"ಸ್ವಲ್ಪ... ಹೇಳಕ್ಕಾಗಲ್ಲ."

"ಓ," ಎಂದಳು. ಲೋಟಗಳನ್ನು ಪೆಟ್ಟಿಗೆಯ ಮೇಲಿಟ್ಟಳು. ಅರವತ್ತು ದಾಟಿದ ಗಂಡಸು ಮಂಡಿಯಿಂದ ಏಳುವುದು ಎಷ್ಟು ನಿಧಾನ, ಏಳುವಾಗ ಎಷ್ಟು ಕಾಣಿಸಿಕೊಳ್ಳುತ್ತಾನೆ ಎಂದು ಥೋರ್ಕಿಲ್‌ಗೆ ಆಗ ತಿಳಿಯಿತು. ಕಿವಿಯವರೆಗೂ ಬಿಸಿಯಾಯಿತು. ಯಾಕೆ ಹೇಳಿದೆ ಆ ಸುಳ್ಳು? ಓಕ್ ಮರ ಕಲ್ಲಿನ ಹಾಗಿದೆ. ಇಷ್ಟು ಮರ್ಯಾದೆಯ ವಸ್ತುವಿನ ಮೇಲೆ ಅಪವಾದ ಹೊರಿಸಿದೆನಲ್ಲ ಎಂದು ಕುರ್ಚಿಯ ಬಗ್ಗೆ ಮೊದಲು ನೋವಾಗಿ, ಅಕ್ಕನ ಬಗ್ಗೆ ಆಮೇಲೆ ಆಯಿತು. ಆ ಕ್ರಮಕ್ಕೂ ನಾಚಿದ.

ಅಪ್ಪ ಅಮ್ಮ ಹೋದ ಮೇಲೆ ಸಾಮಾನು ಹಂಚಿಕೊಳ್ಳಲು ಇಲ್ಲಿ ವಕೀಲ ಬೇಕಿಲ್ಲ. ದಾಳ ಹಾಕಬೇಕು, ಹೆಚ್ಚು ಬಿದ್ದವರು ಮೊದಲು ಒಂದನ್ನು ಆರಿಸಬೇಕು, ಆಮೇಲೆ ಸರದಿಯ ಪ್ರಕಾರ ಅವಳೊಂದು ಇವನೊಂದು. ಜಗಳವಾಗದಿರಲಿ ಎಂದು ಮಾಡಿಕೊಂಡ ಏರ್ಪಾಡು. ಲೂಡೋ ಪೆಟ್ಟಿಗೆಯಿಂದ ದಾಳ ತೆಗೆದು ಬೊದಿಲ್ ಎಸೆದಳು, ಎರಡು. ಥೋರ್ಕಿಲ್ ಎಸೆದ. ಆರು.

"ಆಯ್ತಪ್ಪ. ನಿಂದೇ ಮೊದಲು. ಹೇಳು," ಎಂದಳು ಬೊದಿಲ್. ಕೈಕಟ್ಟಿ ನಿಂತಳು.

ದೇವರೇ ಎತ್ತಿ ಕೈಗೆ ಕೊಟ್ಟ ಹಾಗಾಯಿತು. ಮೂರೇ ಮಾತು. ಆದರೆ ಮೊದಲು ಕೈ ಹಾಕಿದವನು ದೊಡ್ಡ ತುಂಡು ಎತ್ತಿಕೊಳ್ಳಬಾರದು ಎಂಬುದನ್ನು ಅವನು ಮಾತು ಕಲಿಯುವ ಮೊದಲೇ ಕಲಿತಿದ್ದ. ಮೊದಲು ಸಣ್ಣದೊಂದು ಆರಿಸೋಣ, ಅವಳು ಹೇಗೂ ಅಮ್ಮನ ನೀಲಿ ತಟ್ಟೆಗಳನ್ನು ತೆಗೆದುಕೊಳ್ಳುತ್ತಾಳೆ, ಆಮೇಲೆ ನಾನು, ಇದೂ ಇರಲಿ ಎನ್ನುವ ಹಾಗೆ, ಹೆಚ್ಚು ಒತ್ತು ಕೊಡದೆ...

"ಆ ಫ್ಲಾಸ್ಕ್," ಎಂದ.

ಬೊದಿಲ್ ಹುಬ್ಬೇರಿಸಿದಳು. "ಫ್ಲಾಸ್ಕಾ? ಅದರ ಮುಚ್ಚಳ ಸೋರುತ್ತೆ."

"ನೆನಪಿಗೆ."

"ಹಾಗಾ," ಎಂದು ಸುತ್ತ ನೋಡಿದಳು. ನೀಲಿ ತಟ್ಟೆಗಳ ಮೇಲೆ ಅವಳ ಕಣ್ಣು ಹಾಯ್ದುಹೋಯಿತು. "ನಂಗೆ ಹೆರಿಂಗ್ ಮೀನಿನ ಫೋರ್ಕು."

ಹೀಗೆ ಶುರುವಾಯಿತು. ಅವನು ಕಿಟಕಿಯ ಥರ್ಮಾಮೀಟರು ತೆಗೆದುಕೊಂಡ, ಅವಳು ಹಿಟ್ಟಿನ ಜರಡಿ. ಅವನು ಅಪ್ಪನ ಶೂ ಬ್ರಶ್ಶು, ಅವಳು ಗುಂಡಿಗಳ ಡಬ್ಬಿ. ನೀಲಿ ತಟ್ಟೆಗಳು ಕೊನೆಗೂ ಅವಳಿಗೆ ಹೋದವು. ಆಗಲಾದರೂ ಅವನಿಗೆ ಹೇಳಬಹುದಿತ್ತು, ಆದರೆ ಅಷ್ಟು ಹೊತ್ತಿಗೆ ಕುರ್ಚಿ ದೊಡ್ಡದಾಗಿಬಿಟ್ಟಿತ್ತು. ಫ್ಲಾಸ್ಕಿನ ಪಕ್ಕ, ಥರ್ಮಾಮೀಟರಿನ ಪಕ್ಕ, ಅದನ್ನು ಕೇಳುವುದೆಂದರೆ ಇಷ್ಟು ಹೊತ್ತೂ ನಾಟಕವಾಡಿದೆನೆಂದು ಒಪ್ಪಿಕೊಂಡ ಹಾಗೆ. ಪ್ರತಿ ಸುತ್ತಿಗೂ ಕೇಳುವುದು ಇನ್ನಷ್ಟು ಕಷ್ಟವಾಯಿತು. ಬೊದಿಲ್ ಒಮ್ಮೆಯೂ ಆ ಕಡೆ ನೋಡಲಿಲ್ಲ. ಅವಳಿಗೆ ಬೇಡವೇನೋ. ಬೇಕಿದ್ದರೂ ಹುಳ ಹಿಡಿದಿದೆಯೆಂದು ಹೇಳಿ ನಾನೇ ಅವಳ ಮನಸ್ಸು ಕೆಡಿಸಿದೆನೇನೋ. ಅಪ್ಪನ ಕೊನೆಯ ಚಳಿಗಾಲದಲ್ಲಿ ವಾರವಾರ ಓಡೆನ್ಸೆಯಿಂದ ಬಂದು ಅವನನ್ನು ಆ ಕುರ್ಚಿಯಿಂದ ಎಬ್ಬಿಸಿ, ಆ ಕುರ್ಚಿಗೆ ಕೂರಿಸಿ, ಕಾಲು ಒತ್ತುತ್ತಿದ್ದವಳು ಅವಳು. ಹಲ್ಲಿನ ವೈದ್ಯನಾಗಿದ್ದ ಥೋರ್ಕಿಲ್ ಅಪ್ಪನ ಊರಿನಲ್ಲೇ ಇದ್ದೂ ಬಂದಾಗೆಲ್ಲ ಅವನ ಹಲ್ಲು ನೋಡಿ, ಕುರ್ಚಿ ನೋಡಿ, ಹೋಗುತ್ತಿದ್ದ. ಅಪ್ಪನ ಹಲ್ಲುಗಳು ಕೊನೆಯವರೆಗೂ ಚೆನ್ನಾಗಿದ್ದವು. ಅದಷ್ಟೇ ಅವನು ಮಾಡಿದ್ದು.

ಹಂಚಿಕೊಳ್ಳುವುದೆಲ್ಲ ಮುಗಿಯುವಾಗ ಕೋಣೆಯಲ್ಲಿ ಪರದೆಗಳು, ಒಡೆದ ದೀಪದ ಕಂಬ, ಯಾರಿಗೂ ಬೇಡದ ಹಳೇ ಮಂಚ, ನಡುವೆ ಕೊಕ್ಕರೆ ಉಳಿದಿದ್ದವು. ಪೆಟ್ಟಿಗೆಯ ಮೇಲಿನ ತಟ್ಟೆಯಲ್ಲಿ ಬೊದಿಲ್ ತಂದಿದ್ದ ದಾಲ್ಚಿನ್ನಿ ಬನ್ನಿನ ಒಂದು ತುಂಡು ಉಳಿದಿತ್ತು. ತಟ್ಟೆಯಲ್ಲಿ ಕೊನೆಗೆ ಉಳಿದದ್ದನ್ನು ಯಾರೂ ತೆಗೆದುಕೊಳ್ಳಬಾರದು, ಅದು ಇಲ್ಲಿಯ ಕಾಯಿದೆ. ಚಾಕು ಹಿಡಿದು ಅರ್ಧ ಮಾಡಿ, ಆ ಅರ್ಧವನ್ನು ಅರ್ಧ ಮಾಡಿ, ಇರುವೆಗೂ ಸಾಲದಷ್ಟಾದಾಗ ತಟ್ಟೆ ತೊಳೆಯಲು ಹೋಗುತ್ತದೆ. ಥೋರ್ಕಿಲ್ ಚಾಕು ತೆಗೆದುಕೊಂಡು ಬನ್ನನ್ನು ಅರ್ಧ ಮಾಡಿ ತನ್ನ ಭಾಗವನ್ನು ತಿಂದ. ಬೊದಿಲ್ ಉಳಿದ ಅರ್ಧವನ್ನು ಮತ್ತೆ ಅರ್ಧ ಮಾಡಲಿಲ್ಲ. ಎತ್ತಿ ಪೂರ್ತಿ ಬಾಯಿಗೆ ಹಾಕಿಕೊಂಡಳು. ಬೆರಳು ನೆಕ್ಕಿಕೊಂಡಳು. ಅವನು ಬೆಚ್ಚಿ ನೋಡಿದ.

ಕೆಳಗಿನ ಬಾಗಿಲ ಗಂಟೆ ಹೊಡೆಯಿತು. ಕೆಳಗಿನವರ ಮಾತು ಕೇಳಿಸುವ ಗೋಡೆಯ ಪೆಟ್ಟಿಗೆಯಲ್ಲಿ ಒಂದು ಹರಟೆಮಲ್ಲ ದನಿ, "ಚರ್ಚಿನ ಅಂಗಡಿಯಿಂದ ಬಂದಿದೀವಿ! ಮೇಲೆ ಬರಬಹುದಾ?"

"ಹತ್ತು ನಿಮಿಷ ಕೊಡಿ," ಎಂದಳು ಬೊದಿಲ್. "ಮೂಲೆ ಬೇಕರೀಲಿ ಕಾಫಿ ಚೆನ್ನಾಗಿರುತ್ತೆ." ತಿರುಗಿ ನಿಂತಳು. "ನಿನ್ನ ಸರದಿ."

ಪರದೆ, ದೀಪ, ಮಂಚ, ಕುರ್ಚಿ. ಥೋರ್ಕಿಲ್‌ನ ಮನಸ್ಸಿನಲ್ಲಿ ಆಗ ಒಂದು ಯೋಚನೆ ಬಂತು. ಎಷ್ಟು ಸಲೀಸಾಗಿ ಬಂತೆಂದರೆ ಅದು ಬೆಳಿಗ್ಗೆಯಿಂದಲೂ ಬಾಗಿಲ ಹಿಂದೆ ಕಾದಿತ್ತೇನೋ. ಬಿಡು, ಚರ್ಚಿನವರು ಒಯ್ಯಲಿ. ಅಂಗಡಿ ಗೊತ್ತಿದೆ. ನಾಡಿದ್ದು ಹೋಗಿ ಅಲ್ಲಿಂದ ಕೊಂಡುಕೊಂಡರಾಯಿತು. ಯಾರ ಕೈಯಿಂದಲೂ ಕಿತ್ತುಕೊಂಡ ಹಾಗಲ್ಲ, ಬಾಯಿಬಿಟ್ಟು ಕೇಳಿದ ಹಾಗಲ್ಲ, ಜೊತೆಗೆ ಬಡವರಿಗೂ ನಾಲ್ಕು ಕಾಸು. ಅವನಿಗೆ ಮೈಯೆಲ್ಲ ಹಗುರಾಯಿತು.

"ದೀಪ," ಎಂದ.

ಬೊದಿಲ್ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. ಬಿಳಿಗೂದಲು ಹಣೆಗೆ ಅಂಟಿತ್ತು. "ನಾಡಿದ್ದು ಅಂಗಡಿಗೆ ಹೋಗಿ ಕೊಂಡ್ಕೊಳ್ಳೋಣ ಅಂತ ತಾನೆ?" ಎಂದಳು.

ಥೋರ್ಕಿಲ್ ದೀಪದ ಕಂಬವನ್ನು ತನ್ನ ಕಡೆಗೆ ಎಳೆದುಕೊಂಡ.

"ನಲವತ್ತು ವರ್ಷ ಊರೋರಿಗೆಲ್ಲ ಬಾಯಿ ತೆಗೀರಿ, ಬಾಯಿ ತೆಗೀರಿ ಅಂದೋನು ನೀನು. ನಿಂದು ಒಂದು ಸಲ ತೆಗಿಯೋಕೆ ಏನೋ ಕಷ್ಟ? ನಾನು ಹೆರಿಗೆ ಕೋಣೇಲಿ ಜೀವ ಸವೆಸಿದೋಳು, ಎಂಥೆಂಥಾ ಕಷ್ಟದ ಹೆರಿಗೆ ನೋಡಿದೀನಿ. ಯಾವ ಹೆಂಗಸೂ ಇಷ್ಟು ಹೊತ್ತು ತಗೊಂಡಿಲ್ಲ."

"ನಿಂಗಿರಲಿ ಬೊದಿಲ್," ಎಂದ ಅವನು ತಡವರಿಸುತ್ತ. "ಅಪ್ಪನ್ನ ನೋಡ್ಕೊಂಡೋಳು ನೀನು. ನಿಂಗೇ ಸೇರ್ಬೇಕು. ನಾನು ಯಾಕೆ..."

"ಅದು ಬೇಡ," ಎಂದು ಅವಳು ಕೈ ಅಡ್ಡ ಹಿಡಿದಳು. "ನನ್ನ ತಲೆ ಮೇಲೆ ದಾನ ಹೊರಿಸಬೇಡ. ನೋಡ್ಕೊಂಡಿದ್ದಕ್ಕೆ ಕೂಲಿ ಅಂತ ತಗೊಳ್ಳೋಕೆ ನಂಗಿಷ್ಟ ಇಲ್ಲ. ಆರು ನಿಂಗೆ ಬಿತ್ತು. ಮೊದಲ ಮಾತು ನಿಂದು. ನಾನು ಬಾಯಿ ಮುಚ್ಕೊಂಡು ಫೋರ್ಕು, ಜರಡಿ, ಗುಂಡಿ ಡಬ್ಬಿ ಎಲ್ಲ ಆರಿಸ್ದೆ, ನಿನ್ನ ಬಾಯಲ್ಲಿ ಬರುತ್ತೇನೋ ಅಂತ. ಹುಳ ಹಿಡಿದಿದೆ ಅಂತ ನೀನು ಹೇಳ್ದೆ. ಅದಕ್ಕೂ ನಾನು ಸುಮ್ನಿದ್ದೆ. ಈಗ ನನ್ನ ಸರದಿ ಬಂತು." ಒಂದು ಉಸಿರು ತೆಗೆದುಕೊಂಡಳು. ಅವಳ ದನಿ ಏರಲಿಲ್ಲ, ಇಳಿಯಲಿಲ್ಲ. "ಕುರ್ಚಿ ನಂಗೆ ಬೇಕು."

ಎಷ್ಟು ಸರಳವಾಗಿತ್ತು. ಆ ಮನೆಯೊಳಗೆ ಯಾರೂ ಯಾವತ್ತೂ ಆಡದ ಮಾತು, ಅಪ್ಪ ಆಡಲಿಲ್ಲ, ಅಮ್ಮ ಆಡಲಿಲ್ಲ, ಗೋಡೆಗಳಿಗೂ ಹೊಸದು. ಆಕಾಶವೇನೂ ಕಳಚಿ ಬೀಳಲಿಲ್ಲ. ಥೋರ್ಕಿಲ್‌ನ ಎದೆಯಲ್ಲಿ ಏನೋ ಹರಿದುಹೋಯಿತು, ಅದು ದುಃಖವೇ, ಅದರಲ್ಲಿ ಸಂಶಯವಿಲ್ಲ. ಆದರೆ ಅದರ ಹಿಂದೆಯೇ, ಅವನು ನಿರೀಕ್ಷಿಸದೆ, ಮೆಚ್ಚುಗೆ ಬಂತು. ಜೀವಮಾನದಲ್ಲಿ ಅವನು ಬೆಸುಗೆ ಕಾಣದ ಕೆಲಸವನ್ನು ಮೆಚ್ಚಿದವನು. ಅಕ್ಕನ ಮಾತಿನಲ್ಲಿ ಒಂದು ಚೂರು ಹೆಚ್ಚಿರಲಿಲ್ಲ, ಒಂದು ಚೂರು ಕಡಿಮೆಯಿರಲಿಲ್ಲ.

ಬೊದಿಲ್ ಹೋಗಿ ಕೂತಳು. ಏಪ್ರನ್ ಸಮೇತ, ಧೂಳಿನ ಪ್ಯಾಂಟಿನಲ್ಲಿ, ಕೆಳಗೆ ಏನನ್ನೂ ಹಾಸದೆ. ಬೆಳಿಗ್ಗೆಯಿಂದ ನಿಂತು ಸೋತಿದ್ದ ಸೊಂಟ ಸೀಟಿಗೆ ತಾಗಿದಾಗ ಕಾಗದದ ಹುರಿ ಒಮ್ಮೆ ಕಿರ್ರೆಂದು ಸುಮ್ಮನಾಯಿತು. ಅವಳ ಬೆನ್ನು ಹಿಂದಕ್ಕೆ ಹೋಯಿತು, ಬೆನ್ನಿನ ಪಟ್ಟಿ ಅದನ್ನು ಹಿಡಿಯಿತು. ಭುಜಗಳು ಇಳಿದವು. ಎರಡು ಕೈಗಳೂ ಯಾರೂ ಹೇಳದೆ ತಮ್ಮ ಜಾಗಕ್ಕೆ ಹೋಗಿ ಕೂತವು. ಬಾಯಿಂದ ಒಂದು "ಹಾ" ಹೊರಟಿತು. ಥೋರ್ಕಿಲ್ ನೋಡುತ್ತಲೇ ನಿಂತ. ಆ ಕುರ್ಚಿಯ ಬಗ್ಗೆ ತನಗೆ ಎಲ್ಲ ಗೊತ್ತೆಂದು ತಿಳಿದಿದ್ದ. ಖಾಲಿ ಇದ್ದಾಗ ಹಾರಿಬಂದು ಇಳಿದ ಹಕ್ಕಿಯ ಹಾಗೆ ಕಾಣುತ್ತಿದ್ದ ಆ ಕೈಗಳು ಈಗ ಹಕ್ಕಿಯ ಹಾಗೆ ಕಾಣುತ್ತಿರಲಿಲ್ಲ. ಅವು ಸೋತ ಒಬ್ಬ ಹೆಂಗಸಿನ ಮೊಣಕೈಗಳ ಕೆಳಗಿದ್ದವು, ಅಷ್ಟೇ. ಮುಂದಿನ ಅಂಚು ಯಾಕೆ ಅಷ್ಟು ಇಳಿಜಾರು, ಬೆನ್ನಿನ ಪಟ್ಟಿ ಯಾಕೆ ಅಲ್ಲಿ ಅಷ್ಟು ತಿರುವು, ಪುಸ್ತಕಗಳಲ್ಲಿ ಓದಿ ಬಾಯಿಪಾಠ ಮಾಡಿದ್ದೆಲ್ಲ ಅವಳ ಮೈಯಲ್ಲಿ ಸುಮ್ಮನೆ ನಡೆಯುತ್ತಿತ್ತು. ಅದನ್ನು ಮಾಡಿದವರು ನೋಡಬೇಕೆಂದಿದ್ದದ್ದು ಇದನ್ನು. ಕುರ್ಚಿಯನ್ನಲ್ಲ. ಅವನಿಗೆ ತಾನು ಮನೆಯಲ್ಲಿ ಕೂರುವವರಿಲ್ಲದ ಅಷ್ಟೊಂದು ಅರ್ಧ ಅರ್ಧ ವಸ್ತುಗಳನ್ನು ಕೂಡಿಹಾಕಿದ್ದು ಅರಿವಾಯಿತು.

"ನಂಗೂ ಬೇಕಿತ್ತು," ಎಂದ. ಮಾತು ಬಂದೇಬಿಟ್ಟಿತು, ತೊದಲು ತೊದಲಾಗಿ, ಎಲ್ಲ ಮುಗಿದ ಮೇಲೆ. "ಬೊದಿಲ್, ನಂಗೂ ತುಂಬಾ ಬೇಕಿತ್ತು."

"ಗೊತ್ತು ಕಣೋ," ಎಂದಳು. ಕಣ್ಣು ಮುಚ್ಚಿಕೊಂಡಿದ್ದಳು. ಏಳಲಿಲ್ಲ.

ಕೆಳಗೆ ಬೀದಿಯಲ್ಲಿ ವ್ಯಾನಿನ ಬಾಗಿಲು ಹಾಕಿದ ಸದ್ದಾಯಿತು. ಅಂಗಡಿಯವರು ಕಾಫಿ ಮುಗಿಸಿ ಬಂದಿರಬೇಕು, ಇನ್ನೇನು ಮೆಟ್ಟಿಲು ಹತ್ತುತ್ತಾರೆ. ಬೊದಿಲ್ ಒಂದು ಕಣ್ಣು ಮಾತ್ರ ತೆರೆದು, "ಆಟ ಮುಗಿದಿಲ್ಲ. ಮತ್ತೆ ನಿನ್ನ ಸರದಿ. ಏನು ಬೇಕು ಹೇಳು," ಎಂದಳು. ಅವಳ ದನಿಯಲ್ಲಿ ತಮಾಷೆಯಿತ್ತೋ ಕರುಣೆಯಿತ್ತೋ ಅವನಿಗೆ ತಿಳಿಯಲಿಲ್ಲ. ಥೋರ್ಕಿಲ್ ಕೋಣೆಯನ್ನೆಲ್ಲ ನೋಡಿದ. ಪರದೆಗಳಿದ್ದವು, ಮಂಚವಿತ್ತು. ಕಾಫಿ ಲೋಟಗಳಿದ್ದ ಪೆಟ್ಟಿಗೆಯನ್ನು ಅವಳ ಎದುರಿಗೆ ಎಳೆದು, ಲೋಟಗಳನ್ನು ನೆಲಕ್ಕಿಟ್ಟು, ಅದರ ಮೇಲೆ ಕೂತ. ಈ ಸಲ ಬೇರೆ ಯಾವ ಸಾಮಾನಿನ ಹೆಸರೂ ಬಾಯಿಗೆ ಬರಲಿಲ್ಲ.

"ಇನ್ನೂ ಸ್ವಲ್ಪ ಹೊತ್ತು ಹಾಗೇ ಕೂತಿರು," ಎಂದ. "ನಂಗೆ ಅದು ಬೇಕು."